ಕಡಲಿಗೆ ಮರಳಿನ ಕಾವಲು

ಕಡಲ ತಡಿಯಲ್ಲಿ ನಿಂತು ತೆರೆಗಳನ್ನು ನೋಡಿ ಆನಂದಿಸದವರು ವಿರಳ. ಆದರೆ ತೆರೆಯೊಡನೆ ಓಡಾಡುವ ಮರಳಿನ ಕಣವನ್ನು ಗಮನಿಸಿದವರು ಎಷ್ಟು ಮಂದಿ? ತೆರೆಯು ಸಾಮಾನ್ಯವಾಗಿ ದಡಕ್ಕೆ ಓರೆಯಾಗಿ ಬಂದೆರಗಿ, ಮರಳನ್ನೂ ಓರೆಯಾಗಿಯೇ ಮೇಲಕ್ಕೆ ತಳ್ಳುತ್ತದೆ. ಹಿಂದಿರುಗುವ ನೀರಾದರೋ ಗುರುತ್ವಾಕರ್ಷಣೆಗೆ ಒಳಪಟ್ಟು ಇಳಿಜಾರಿನಲ್ಲಿ ನೇರವಾಗಿ ಕೆಳಗಿಳಿಯುತ್ತದೆ. ಹೀಗೆ ಕಣವು ಗರಗಸದ ಹಲ್ಲಿನಂಥ ಹಾದಿಯಲ್ಲಿ, ತೆರೆಗೊಂದು ಹೆಜ್ಜೆಯಂತೆ, ದಡದುದ್ದಕ್ಕೂ ಸರಿಯುತ್ತ ಹೋಗುತ್ತದೆ. ಈ ಅಲ್ಪ ಚಲನೆಯನ್ನೇ ನೆಚ್ಚಿಕೊಂಡು ನೆದರ್ಲೆಂಡ್ಸಿನ ಜನರು ತಮ್ಮ ಕರಾವಳಿಯ ಒಂದು ಭಾಗವನ್ನು ಕಾಪಾಡಿಕೊಳ್ಳುತ್ತಿದ್ದಾರೆ.

ಆ ದೇಶದ ಸುಮಾರು ಕಾಲು ಭಾಗ ನೆಲವು ಸಮುದ್ರಮಟ್ಟಕ್ಕಿಂತ ಕೆಳಗಿದೆ. ೧೯೫೩ರ ಫೆಬ್ರವರಿ ೧ರ ನಸುಕಿನಲ್ಲಿ ಹುಣ್ಣಿಮೆಯ ಬಳಿಕದ ದೊಡ್ಡ ಉಬ್ಬರವೂ ವಾಯವ್ಯದ ಬಿರುಗಾಳಿಯೂ ಒಟ್ಟುಗೂಡಿ ಕಟ್ಟೆಗಳನ್ನು ಒಡೆದಾಗ ಅಲ್ಲಿ ೧,೮೩೬ ಮಂದಿ ಜೀವ ಕಳೆದುಕೊಂಡರು. ಆ ಮೇಲೆ ದಶಕಗಳ ಕಾಲ ಭಾರಿ ಒಡ್ಡುಗಳ ನಿರ್ಮಾಣ ನಡೆಯಿತು.

ಆದರೆ ಸಮುದ್ರವೇ ಮೇಲೇರುತ್ತಿದ್ದರೆ? ೧೯೦೧ರಿಂದ ೨೦೧೮ರ ವರೆಗೆ ಪ್ರಪಂಚದ ಸರಾಸರಿ ಸಮುದ್ರಮಟ್ಟವು ಸುಮಾರು ೨೦ ಸೆಂಟಿಮೀಟರು ಏರಿದೆ. ನೆಲದ ಮೇಲಿನ ಹಿಮರಾಶಿ ಕರಗಿ ಕಡಲು ಸೇರುವುದು ಇದಕ್ಕೆ ಒಂದು ಕಾರಣ. ನೀರು ಕಾದು ಹಿಗ್ಗುವುದು ಇನ್ನೊಂದು ಕಾರಣ. ಒಂದು ಸುಲಭವಾದ ಲೆಕ್ಕ ಮಾಡೋಣ. ಸಾಧಾರಣ ಉಷ್ಣತೆಯ ನೀರು ಒಂದು ಡಿಗ್ರಿ ಸೆಲ್ಸಿಯಸ್ ಕಾದರೆ ತನ್ನ ಗಾತ್ರದ ಹತ್ತುಸಾವಿರದಲ್ಲಿ ಸುಮಾರು ೨ ಪಾಲು ಹಿಗ್ಗುತ್ತದೆ. ೫೦೦ ಮೀಟರು ಆಳದ ಇಂಥ ನೀರು ಅರ್ಧ ಡಿಗ್ರಿ ಕಾದು, ಪಕ್ಕಕ್ಕೆ ಹರಡಲು ಎಡೆಯಿಲ್ಲದಿದ್ದರೆ, ೫ ಸೆಂಟಿಮೀಟರು ಮೇಲೇರಬೇಕಾಗುತ್ತದೆ. ತಣ್ಣನೆಯ ನೀರು ಇಷ್ಟು ಹಿಗ್ಗುವುದಿಲ್ಲವೆಂಬುದು ನಿಜ. ಆದರೂ ೧೯೭೧ರಿಂದ ೨೦೧೮ರ ವರೆಗಿನ ಏರಿಕೆಯಲ್ಲಿ ಸರಿಸುಮಾರು ಅರ್ಧ ಪಾಲು ಈ ಹಿಗ್ಗುವಿಕೆಯದೇ.

ಏರುವ ಕಡಲಿನೆದುರು ಗೋಡೆಯನ್ನು ಎತ್ತರಿಸುತ್ತಲೇ ಹೋಗಬಹುದು. ಆದರೆ ಕಡಿದಾದ ಗೋಡೆಗೆ ಬಡಿದ ತೆರೆಯು ಪ್ರತಿಫಲಿಸಿ ಬುಡದ ಮರಳನ್ನು ಕೆದಕುತ್ತದೆ. ಇಳಿಜಾರಾದ ಮರಳುದಂಡೆಯ ಮೇಲಾದರೆ ತೆರೆಯು ಮುರಿದು ಕುಗ್ಗುತ್ತ ಬರುತ್ತದೆ. ತೆರೆಯ ಶಕ್ತಿಯು ಅದರ ಎತ್ತರದ ವರ್ಗಕ್ಕೆ ಅನುಗುಣವಾಗಿರುವುದರಿಂದ, ಎತ್ತರ ಅರ್ಧವಾದರೆ ಶಕ್ತಿ ಕಾಲು ಭಾಗವಾಗುತ್ತದೆ. ಮರಳೇ ಒಳ್ಳೆಯ ಗೋಡೆ ಎಂಬುದರ ಗುಟ್ಟು ಇದು.

ಈ ತತ್ತ್ವವನ್ನನುಸರಿಸಿ ೨೦೧೧ರಲ್ಲಿ ಹೇಗ್ ನಗರದ ದಕ್ಷಿಣಕ್ಕೆ ಕಡಲತಳದಿಂದ ಎತ್ತಿದ ೨ ಕೋಟಿ ೧೫ ಲಕ್ಷ ಘನ ಮೀಟರು ಮರಳನ್ನು ದಡಕ್ಕೆ ತಾಗಿ ಸುರಿಯಲಾಯಿತು. ಅಷ್ಟನ್ನೂ ಒಂದು ಚದರ ಕಿಲೋಮೀಟರಿನಲ್ಲಿ ಹರಡಿದರೆ ಏಳು ಅಂತಸ್ತಿನ ಕಟ್ಟಡದಷ್ಟು ಎತ್ತರವಾದೀತು! ಕೊಕ್ಕೆಯಾಕಾರದ ಈ ದಿಬ್ಬಕ್ಕೆ ‘ಮರಳಿನ ಮೋಟಾರು’ ಎಂದು ಹೆಸರು. ಇದನ್ನು ನಡೆಸುವ ಎಂಜಿನು ಬೇರಾವುದೂ ಅಲ್ಲ. ಗಾಳಿ, ತೆರೆ, ಪ್ರವಾಹಗಳೇ. ಅವು ದಿಬ್ಬವನ್ನು ಕರಗಿಸಿ ಅದರ ಮರಳನ್ನು ಅಕ್ಕಪಕ್ಕದ ದಡಗಳಿಗೆ ಹಂಚುತ್ತಿವೆ. ಕೆಲವು ವರ್ಷಗಳಿಗೊಮ್ಮೆ ಅಲ್ಲಲ್ಲಿ ಮರಳು ಸುರಿಯುವ ಶ್ರಮವನ್ನು ಈಗ ಕಡಲೇ ವಹಿಸಿಕೊಂಡಿದೆ.

ಕಾವಲಿನ ಜೊತೆಗೆ ವಿಹಾರಸ್ಥಳವೂ ದೊರಕಿತು. ದೊಡ್ಡ ಗಾಳಿಪಟಕ್ಕೆ ತಮ್ಮನ್ನು ಬಿಗಿದುಕೊಂಡು ಹಲಗೆಯ ಮೇಲೆ ನಿಂತು ತೆರೆಗಳ ಸವಾರಿ ಮಾಡುವವರು ಇಲ್ಲಿಗೆ ಬರುತ್ತಾರೆ. ನಡೆದಾಡುವವರ ಕೈಗೆ ಒಮ್ಮೊಮ್ಮೆ ಮ್ಯಾಮತ್ ಆನೆಯ ಎಲುಬಿನ ತುಣುಕುಗಳೂ ಸಿಗುತ್ತವೆ. ಹಿಮಯುಗದಲ್ಲಿ ಸಮುದ್ರಮಟ್ಟವು ಇಂದಿಗಿಂತ ನೂರು ಮೀಟರಿಗೂ ಹೆಚ್ಚು ಕೆಳಗಿದ್ದು, ಇಲ್ಲಿನ ಕಡಲತಳವು ಹುಲ್ಲುಗಾವಲಾಗಿತ್ತೆಂಬುದಕ್ಕೆ ಅವೇ ಸಾಕ್ಷಿ. ಆದರೆ ಮರಳು ಸರಿದಂತೆ ನೀರಿನ ಸೆಳೆತವೂ ಮಾರ್ಪಡುವುದರಿಂದ ಈಜುವವರು ಎಚ್ಚರದಿಂದಿರಬೇಕು.

ಕಡಲ್ಕೊರೆತವನ್ನು ನಮ್ಮ ಉಳ್ಳಾಲದ ಜನರೂ ಬಲ್ಲರು. ಅಲ್ಲಿನ ತಡಿಯಲ್ಲಿ ಒಡ್ಡಿದ ಬಂಡೆಗಳನ್ನು ನಿಮ್ಮಲ್ಲಿ ಕೆಲವರು ನೋಡಿರಬಹುದು. ನೆದರ್ಲೆಂಡ್ಸಿನ ಉಪಾಯವನ್ನು ಹಾಗೆಯೇ ಇಲ್ಲಿಗೆ ತರಲಾಗದು. ನಮ್ಮದು ಮುಂಗಾರಿನ ಕಡಲು; ಒಂದೊಂದು ತಡಿಗೂ ಅದರದೇ ಗಾಳಿ, ಅದರದೇ ತೆರೆ. ಭೂಮಿ ಕಾಯುತ್ತಲೇ ಹೋದರೆ ಎಷ್ಟು ಮರಳು ಸುರಿದರೂ ಸಾಲದು. ಆದರೂ ಕಡಲನ್ನು ತಡೆಯುವ ಮುನ್ನ ಅದರ ನಡೆಯನ್ನು ಅರಿಯಬೇಕೆಂಬ ಪಾಠ ಎಲ್ಲೆಡೆಗೂ ಸಲ್ಲುತ್ತದೆ.

ಆ ಪಾಠವನ್ನು ನೀವೇ ಆರಂಭಿಸಬಹುದು. ಕಡಲು ಶಾಂತವಾಗಿರುವ ದಿನ, ತೆರೆ ಬಂದು ತಲಪುವ ಅಂಚಿನಲ್ಲಿ ಬಣ್ಣ ಬಳಿದ ಹತ್ತಾರು ಸಣ್ಣ ಹರಳುಗಳನ್ನಿಟ್ಟು, ಅರ್ಧ ಗಂಟೆಯ ಬಳಿಕ ಅವು ಎತ್ತ ಸರಿದಿವೆಯೆಂದು ಅಳೆದು ನೋಡಿರಿ.