ನೋಡಿದ್ದಕ್ಕೂ ದುಡ್ಡಾ?

ಇಗ್ನಿಷನ್ ಕಾಯಿಲ್ ನಾಲ್ಕಕ್ಕೆ 7,600, ಸ್ಪಾರ್ಕ್ ಪ್ಲಗ್ ನಾಲ್ಕಕ್ಕೆ 640, ಇಂಜೆಕ್ಟರ್ ಕ್ಲೀನಿಂಗ್ 2,400, ಥ್ರಾಟಲ್ ಬಾಡಿ ಕ್ಲೀನಿಂಗ್ 860, ಎಂಜಿನ್ ಡಿಕಾರ್ಬನೈಸಿಂಗ್ 2,500. ಒಟ್ಟು 14,000 ರೂಪಾಯಿ. ಶೇ 18 ಜಿಎಸ್‌ಟಿ ಸೇರಿ 16,520. ಕಳೆದ ಚಳಿಗಾಲ ಹಾಸನದ ದೊಡ್ಡ ವರ್ಕ್‌ಶಾಪೊಂದರಲ್ಲಿ ನನ್ನ ಹಳೆಯ ಪೆಟ್ರೋಲ್ ಕಾರಿಗೆ ಬರೆದುಕೊಟ್ಟ ಎಸ್ಟಿಮೇಟ್ ಇದು. ಇಷ್ಟೆಲ್ಲ ಮಾಡಿಸಿದ ಮೇಲೂ ಸರಿಹೋಗದಿದ್ದರೆ ಎಂದು ಕೇಳಿದೆ. ‘ಆಮೇಲೆ ಫ್ಯುಯೆಲ್ ಪಂಪ್ ನೋಡೋಣ ಸಾರ್’ ಎಂದರು.

ತೊಂದರೆ ಇದ್ದದ್ದು ಬೆಳಿಗ್ಗೆ ಮೊದಲ ಸಲ ಸ್ಟಾರ್ಟ್ ಮಾಡಿದಾಗ ಮಾತ್ರ. ಸ್ಟೀರಿಂಗ್ ಹಿಡಿದ ಕೈಯೂ ನಡುಗುವಷ್ಟು ಗಾಡಿ ಅದುರುತ್ತಿತ್ತು, ಆರ್‌ಪಿಎಂ ಮುಳ್ಳು ಒಂದು ಕಡೆ ನಿಲ್ಲುತ್ತಿರಲಿಲ್ಲ. ಸ್ವಲ್ಪ ಹೊತ್ತಿನಲ್ಲೇ ಎಲ್ಲ ಸರಿ. ಗಾಡಿ ವರ್ಕ್‌ಶಾಪ್ ಮುಟ್ಟುವ ಹೊತ್ತಿಗೆ ಎಂಜಿನ್ ಬಿಸಿಯಾಗಿ ರೋಗವೇ ಮಾಯವಾಗಿರುತ್ತಿತ್ತು. ಹಾಗಾಗಿ ಆ ಎಸ್ಟಿಮೇಟ್ ಬರೆದವರು ನನ್ನ ಕಾರು ನಡುಗಿದ್ದನ್ನು ಕಣ್ಣಾರೆ ನೋಡಿಯೇ ಇರಲಿಲ್ಲ.

ನಮ್ಮ ಬಡಾವಣೆಯ ಸಣ್ಣ ಗ್ಯಾರೇಜಿನವನು ಹೇಳಿದ್ದೇ ಬೇರೆ. ‘ರಾತ್ರಿ ಗಾಡಿ ಇಲ್ಲೇ ಬಿಟ್ಟೋಗಿ ಸಾರ್. ಬೆಳಿಗ್ಗೆ ತಣ್ಣಗಿದ್ದಾಗ ನಾನೇ ಸ್ಟಾರ್ಟ್ ಮಾಡ್ತೀನಿ. ನೋಡೋದಕ್ಕೆ ಆರ್ನೂರು ಆಗತ್ತೆ. ರಿಪೇರಿ ಮಾಡಿಸಿದ್ರೂ ಅಷ್ಟೇ, ಬಿಟ್ರೂ ಅಷ್ಟೇ.’

ಪಕ್ಕದಲ್ಲಿದ್ದ ನನ್ನ ಭಾವನಿಗೆ ಇದು ಹಿಡಿಸಲಿಲ್ಲ. ‘ನೋಡಿದ್ದಕ್ಕೂ ದುಡ್ಡಾ?’ ಎಂದರು. ಡಾಕ್ಟರ ಬಳಿ ಹೋದರೆ ಮಾತ್ರೆ ಬರೆಯಲಿ ಬಿಡಲಿ ಫೀಸು ಕೊಟ್ಟೇ ಬರುತ್ತೇವೆ. ಮೆಕ್ಯಾನಿಕ್ ಮಾತ್ರ ಪುಕ್ಕಟೆ ನೋಡಬೇಕು. ತಲೆ ಓಡಿಸಿದ್ದಕ್ಕೆ ನಾವು ಕೊಡದ ಹಣವನ್ನು ಅವರು ಪಾರ್ಟಿನ ಬಿಲ್ಲಿನಲ್ಲಿ ಹುಟ್ಟಿಸಿಕೊಳ್ಳಬೇಕಾಗುತ್ತದೆ. ತಪ್ಪು ಅವರದೊಂದೇ ಎನ್ನಲಾರೆ. ಎಲೆಕ್ಟ್ರಿಕಲ್ ಪಾರ್ಟನ್ನಂತೂ ಒಮ್ಮೆ ಹಾಕಿದ ಮೇಲೆ ಸಾಮಾನ್ಯವಾಗಿ ಯಾವ ಅಂಗಡಿಯವನೂ ವಾಪಸು ತೆಗೆದುಕೊಳ್ಳುವುದಿಲ್ಲ. ಊಹೆ ತಪ್ಪಿದರೆ ನಷ್ಟ ಪೂರ್ತಿ ನಮ್ಮದು. ಆರ್ನೂರು ಕೊಡಲು ಒಪ್ಪಿಕೊಂಡೆ, ಚೌಕಾಸಿ ಮಾಡಲಿಲ್ಲ.

ಬೆಳಿಗ್ಗೆ ಅವನು ಸ್ಟೀರಿಂಗ್ ಕೆಳಗಿನ ಪೋರ್ಟಿಗೆ ಸ್ಕ್ಯಾನರ್ ಸಿಕ್ಕಿಸಿದ. ಒಂದೇ ಸಿಲಿಂಡರ್ ಕೈಕೊಟ್ಟಿದ್ದರೆ ಪಿ0301ರಿಂದ ಪಿ0304ರವರೆಗಿನ ಒಂದು ಕೋಡ್ ಬರುತ್ತದೆ. ಆಗಲೂ ನಾಲ್ಕು ಕಾಯಿಲ್ ಕೊಳ್ಳಬೇಕಿಲ್ಲ. ಎರಡನೇ ಸಿಲಿಂಡರಿನ ಕಾಯಿಲನ್ನು ಮೂರನೆಯದಕ್ಕೆ ಹಾಕಿ ನೋಡಿದರೆ, ಕೋಡ್ ಕೂಡ 302ರಿಂದ 303ಕ್ಕೆ ಜಾರಿದಲ್ಲಿ ಕೆಟ್ಟಿರುವುದು ಆ ಒಂದೇ ಕಾಯಿಲ್. ಖರ್ಚಿಲ್ಲದ ಪರೀಕ್ಷೆ. ನನ್ನ ಕಾರಿನಲ್ಲಿ ಸಿಕ್ಕಿದ್ದು ಪಿ0171, ಅಂದರೆ ಗಾಳಿ ಹೆಚ್ಚು, ಪೆಟ್ರೋಲ್ ಕಡಿಮೆ. ನಿಂತಲ್ಲೇ ಓಡುವಾಗ ಕಂಪ್ಯೂಟರ್ ಶೇ 18ರಷ್ಟು ಹೆಚ್ಚು ಪೆಟ್ರೋಲ್ ಸುರಿಯುತ್ತಿತ್ತು. ಆಕ್ಸಿಲರೇಟರ್ ಒತ್ತಿ 2,500 ಆರ್‌ಪಿಎಂಗೆ ತಂದಾಗ ಅದು ಶೇ 4ಕ್ಕೆ ಇಳಿಯಿತು. ಎಲ್ಲಿಂದಲೋ ಕಳ್ಳಗಾಳಿ ಒಳಗೆ ಹೋಗುತ್ತಿದೆ ಎಂಬುದಕ್ಕೆ ಇದು ಬಲವಾದ ಸುಳಿವು. ವೇಗ ಹೆಚ್ಚಿದಾಗ ಎಂಜಿನ್ ಹೇಗೂ ಬಹಳ ಗಾಳಿ ಎಳೆಯುವುದರಿಂದ ಆ ಸೋರಿಕೆ ಲೆಕ್ಕಕ್ಕೆ ಬರುವುದಿಲ್ಲ.

ಬಿಸಿಯಾದ ಮೇಲೆ ಏಕೆ ಸರಿಹೋಗುತ್ತಿತ್ತು? ಹೊಗೆ ಕೊಳವೆಯಲ್ಲಿರುವ ಆಕ್ಸಿಜನ್ ಸೆನ್ಸರ್ ಕಾಯುವವರೆಗೆ ಕಂಪ್ಯೂಟರ್ ತನ್ನ ನೆನಪಿನಲ್ಲಿರುವ ಲೆಕ್ಕದ ಮೇಲೆ ಪೆಟ್ರೋಲ್ ಬಿಡುತ್ತದೆ. ಸೆನ್ಸರ್ ಕಾದ ಮೇಲೆ ಕೊರತೆ ಗೊತ್ತಾಗಿ ಅಲ್ಲಲ್ಲಿಗೇ ತುಂಬುತ್ತದೆ. ನಡುಗು ನಿಲ್ಲುತ್ತದೆ, ಸೋರಿಕೆ ಹಾಗೇ ಉಳಿಯುತ್ತದೆ.

ಸೋರುತ್ತಿದ್ದುದು ಪಿಸಿವಿ ಹೋಸು. ಎಂಜಿನ್ ಒಳಗಿನ ಆವಿಯನ್ನು ಮತ್ತೆ ಇನ್‌ಟೇಕ್‌ಗೆ ಒಯ್ಯುವ ರಬ್ಬರ್ ಕೊಳವೆ ಅದು. ವರ್ಷಗಳ ಕಾವಿಗೆ ಕಲ್ಲಿನಂತಾಗಿ, ಬಗ್ಗುವ ಕಡೆ ಸೀಳಿತ್ತು. ಹೋಸಿಗೆ 340, ಕೂಲಿ 300. ಪ್ಲಗ್‌ಗಳು ಹೇಗೂ ಬದಲಿಸುವ ಗಡುವು ದಾಟಿದ್ದವು, ಅವನ್ನೂ ಹಾಕಿಸಿದೆ. ನೋಡಿದ ಆರ್ನೂರೂ ಸೇರಿ ಒಟ್ಟು 1,880 ರೂಪಾಯಿ. ಭಾವ ಈಗಲೂ ಆ ಆರ್ನೂರು ದಂಡ ಅನ್ನುತ್ತಾರೆ. ಮಿಕ್ಕ ಎಸ್ಟಿಮೇಟಿನ ಮಾತೆತ್ತುವುದಿಲ್ಲ.

ಎಲ್ಲ ನಡುಗಿಗೂ ಹೋಸೇ ಕಾರಣ ಎಂದಲ್ಲ. ಪ್ಲಗ್, ಕೊಳಕಾದ ಥ್ರಾಟಲ್, ಕೂಲೆಂಟ್ ತಾಪದ ಸೆನ್ಸರ್ ಯಾವುದೂ ಆಗಬಹುದು. ಮುಳ್ಳು ಅಲುಗದೆ ಗಾಡಿ ಮಾತ್ರ ನಡುಗಿದರೆ ಎಂಜಿನ್ ಮೌಂಟಿಂಗ್ ಮೇಲೂ ಅನುಮಾನ ಪಡಬೇಕು. ಕಡಿಮೆ ಖರ್ಚಿನದನ್ನು ಮೊದಲು ಪರೀಕ್ಷೆ ಮಾಡಿಸಿ. ಸಾವಿರ ರೂಪಾಯಿಯೊಳಗೆ ಸಿಗುವ ಬ್ಲೂಟೂತ್ ಸ್ಕ್ಯಾನರ್ ಒಂದು ಮನೆಯಲ್ಲಿರಲಿ. ಫೋನಿನಲ್ಲೇ ಕೋಡ್ ಓದಬಹುದು. ಸೋರಿಕೆ ಹುಡುಕಲು ಬಿಸಿ ಎಂಜಿನ್ ಮೇಲೆ ಕ್ಲೀನರ್ ಸ್ಪ್ರೇ ಹೊಡೆಯುವ ಸಾಹಸ ಮಾತ್ರ ಬೇಡ, ಬೆಂಕಿ ಹತ್ತೀತು.

ಇನ್ನೊಂದು ಮಾತು. ಚೆಕ್ ಎಂಜಿನ್ ದೀಪ ಮಿಣಿಮಿಣಿ ಎನ್ನುತ್ತಿದ್ದರೆ ಗಾಡಿ ಓಡಿಸಬೇಡಿ. ಉರಿಯದ ಪೆಟ್ರೋಲ್ ಕ್ಯಾಟಲಿಟಿಕ್ ಕನ್ವರ್ಟರಿಗೆ ಹೋಗಿ ಅಲ್ಲಿ ಉರಿದು ಅದನ್ನೇ ಸುಡುತ್ತದೆ. ಆಗಿನ ಬಿಲ್ಲು ಹತ್ತಾರು ಸಾವಿರ. ಸಾಮಾನ್ಯ ಕಾರು ವಿಮೆಯಲ್ಲಿ ಸವೆತಕ್ಕಾಗಲಿ ಯಾಂತ್ರಿಕ ದೋಷಕ್ಕಾಗಲಿ ಬಿಡಿಗಾಸೂ ಸಿಗುವುದಿಲ್ಲ.