ಪಾಠ 14: ಹೌರಾ ಸೇತುವೆ

ನಮ್ಮ ದೇಶದ ಪೂರ್ವ ದಿಕ್ಕಿನಲ್ಲಿ ಪಶ್ಚಿಮ ಬಂಗಾಳ ರಾಜ್ಯ ಇದೆ. ಅದರ ರಾಜಧಾನಿ ಕೊಲ್ಕತ್ತ. ಅಲ್ಲಿ ಹೂಗ್ಲಿ ನದಿ ಹರಿಯುತ್ತದೆ. ಹೂಗ್ಲಿ ಎಂದರೆ ಗಂಗೆಯ ಒಂದು ಕವಲು. ನದಿಯ ಈ ದಡದಲ್ಲಿ ಕೊಲ್ಕತ್ತ, ಆ ದಡದಲ್ಲಿ ಹೌರಾ. ಹೌರಾದಲ್ಲಿ ದೊಡ್ಡ ರೈಲು ನಿಲ್ದಾಣ ಇದೆ. ಅಲ್ಲಿ ರೈಲು ಇಳಿದವರು ಕೊಲ್ಕತ್ತಕ್ಕೆ ಹೋಗಬೇಕಾದರೆ ಹೊಳೆ ದಾಟಲೇಬೇಕು. ಹೇಗೆ ದಾಟುತ್ತಾರೆ? ಬನ್ನಿ ಅಕ್ಕಂದಿರೇ, ಓದಿ ತಿಳಿಯೋಣ.

ತೇಲುವ ಸೇತುವೆ

ಮೊದಲು ಎಲ್ಲರೂ ದೋಣಿಯಲ್ಲೇ ದಾಟುತ್ತಿದ್ದರು. 1874ರಲ್ಲಿ ಒಂದು ತೇಲುವ ಸೇತುವೆ ಆಯಿತು. ದೋಣಿಯಂಥ ತೊಟ್ಟಿಗಳನ್ನು ನೀರಿನಲ್ಲಿ ಸಾಲಾಗಿ ನಿಲ್ಲಿಸಿದರು. ಮೇಲೆ ಮರದ ಹಲಗೆ ಹಾಸಿದರು. ಜನ, ಗಾಡಿ ಎಲ್ಲ ಅದರ ಮೇಲೆ ಹೋಗುತ್ತಿದ್ದವು.

ಆದರೆ ಹಡಗು ಬಂದರೆ? ಆಗ ಸೇತುವೆಯ ನಡುವಿನ ಭಾಗವನ್ನು ಪಕ್ಕಕ್ಕೆ ಸರಿಸುತ್ತಿದ್ದರು. ಹಡಗು ದಾಟುವವರೆಗೆ ದಾರಿ ಬಂದ್. ತಲೆ ಮೇಲೆ ಹೊರೆ ಇದ್ದವರೂ ಕಾಯಬೇಕು, ಮಗು ಎತ್ತಿಕೊಂಡವರೂ ಕಾಯಬೇಕು. ಊರು ಬೆಳೆಯಿತು. ಆ ಸೇತುವೆ ಸಾಲದಾಯಿತು.

ಉಕ್ಕಿನ ಸೇತುವೆ

ಹೊಸ ಸೇತುವೆಯ ಕೆಲಸ 1936ರಲ್ಲಿ ಶುರುವಾಯಿತು. ಆಗ ಎರಡನೇ ಮಹಾಯುದ್ಧದ ಕಾಲ ಬಂತು. ಕೊಲ್ಕತ್ತದ ಮೇಲೆ ಬಾಂಬ್ ಕೂಡ ಬಿತ್ತು. ಆದರೂ ಕೆಲಸ ನಿಲ್ಲಲಿಲ್ಲ. 1943ರ ಫೆಬ್ರವರಿ 3ರಂದು ಸೇತುವೆ ಜನರಿಗೆ ತೆರೆಯಿತು. ಇದಕ್ಕೆ ಸುಮಾರು 26,500 ಟನ್ ಉಕ್ಕು ಬೇಕಾಯಿತು. ಅದರಲ್ಲಿ 23,000 ಟನ್ ನಮ್ಮ ದೇಶದ ಟಾಟಾ ಕಾರ್ಖಾನೆಯದು. 1965ರಲ್ಲಿ ಇದಕ್ಕೆ ಕವಿ ರವೀಂದ್ರನಾಥ ಠಾಕೂರರ ನೆನಪಿಗೆ ‘ರವೀಂದ್ರ ಸೇತು’ ಎಂದು ಹೆಸರಿಟ್ಟರು. ಜನ ಮಾತ್ರ ಇಂದಿಗೂ ಹೌರಾ ಸೇತುವೆ ಎಂದೇ ಕರೆಯುತ್ತಾರೆ.

ಈ ಸೇತುವೆಗೆ ಹೊಳೆಯ ನಡುವೆ ಒಂದು ಕಂಬವೂ ಇಲ್ಲ. ಯಾಕೆ ಗೊತ್ತಾ? ಕಾಲುವೆಗೆ ಒಂದು ಕಲ್ಲು ಹಾಕಿ ನೋಡಿ. ನೀರಿನ ಓಟ ಕೆಡುತ್ತದೆ. ಕಲ್ಲಿನ ಹಿಂದೆ ಮಣ್ಣು ಕೂರುತ್ತದೆ. ಹೊಳೆಯಲ್ಲೂ ಹಾಗೇ. ಹೂಳು ತುಂಬಿದರೆ ದೋಣಿ ಹೋಗುವುದು ಕಷ್ಟ.

ಹಾಗಾದರೆ ಸೇತುವೆ ನಿಂತಿದ್ದು ಹೇಗೆ? ಎರಡೂ ದಡದ ಕಡೆ ಒಂದೊಂದು ಎತ್ತರದ ಉಕ್ಕಿನ ಗೋಪುರ ಇದೆ. ಎರಡರ ನಡುವೆ 457 ಮೀಟರ್ ದೂರ. ಪ್ರತಿ ಗೋಪುರಕ್ಕೂ ಎರಡು ತೋಳು. ಒಂದು ತೋಳು ಹೊಳೆಯ ಕಡೆ, ಇನ್ನೊಂದು ದಡದ ಕಡೆ. ನಾವು ಎರಡು ಕೈಯಲ್ಲೂ ಕೊಡ ಹಿಡಿದರೆ ಮೈ ವಾಲುವುದಿಲ್ಲ, ಅಲ್ಲವೇ? ಅದೇ ರೀತಿ. ಮೇಲಿನ ಉಕ್ಕಿನಿಂದ ತೂಗು ಕಂಬಗಳು ಇಳಿದಿವೆ. ರಸ್ತೆ ಆ ಕಂಬಗಳಿಗೆ ತೂಗಿಕೊಂಡಿದೆ.

ಕೆಳಗೆ ದೋಣಿ ದಾರಿ

ಸೇತುವೆಯ ಕೆಳಗೆ ಹೊಳೆಯೇ ಒಂದು ದಾರಿ. ಹಲ್ದಿಯಾದಿಂದ ಪ್ರಯಾಗರಾಜದವರೆಗೆ 1,620 ಕಿಲೋಮೀಟರ್ ಜಲದಾರಿಯನ್ನು ಸರ್ಕಾರ 1986ರಲ್ಲಿ ರಾಷ್ಟ್ರೀಯ ಜಲಮಾರ್ಗ 1 ಎಂದು ಸಾರಿತು. ಸರಕಿನ ದೋಣಿಗಳು ಇದರಲ್ಲಿ ಓಡಾಡುತ್ತವೆ. ಜನರನ್ನು ಆ ದಡಕ್ಕೆ ದಾಟಿಸುವ ಲಾಂಚುಗಳೂ ಇವೆ. 2024ರ ಮಾರ್ಚಿನಿಂದ ಹೊಳೆಯ ತಳದ ಕೆಳಗೆ ಮೆಟ್ರೋ ರೈಲೂ ಓಡುತ್ತಿದೆ.

ಕೊಲ್ಕತ್ತದಿಂದ ಸಮುದ್ರ ದೂರ. ಆದರೂ ಸಮುದ್ರದ ಉಬ್ಬರ ಹೊಳೆಯ ಒಳಗೆ ಅಲ್ಲಿವರೆಗೂ ಬರುತ್ತದೆ. ಆಗ ನೀರು ಏರುತ್ತದೆ. ನೀರು ಏರಿದರೆ ಸೇತುವೆ ಕೆಳಗಿನ ಜಾಗ ಕಿರಿದಾಗುತ್ತದೆ. 2005ರ ಜೂನ್ 24ರಂದು ಒಂದು ಸರಕಿನ ಹಡಗು ಉಬ್ಬರದ ಹೊತ್ತಿನಲ್ಲೇ ನುಗ್ಗಿತು. ಅದರ ಹೊಗೆ ಕೊಳವೆ ಸೇತುವೆಯ ಅಡಿಗೆ ಸಿಕ್ಕಿಕೊಂಡಿತು. ಮೂರು ಗಂಟೆ ಹಾಗೇ ನಿಂತಿತು. ಸೇತುವೆಗೆ ಪೆಟ್ಟಾಯಿತು.

ಇದೇ ಹೊಳೆಯಲ್ಲಿ ಇನ್ನೂ ದೊಡ್ಡ ನೋವಿನ ಸಂಗತಿ ನಡೆಯಿತು. ಕೊಲ್ಕತ್ತದಿಂದ ಮೇಲೆ ತೇಲಿನಿಪಾಡ ಎಂಬಲ್ಲಿ ದೋಣಿ ಹತ್ತಲು ಬಿದಿರಿನ ಅಟ್ಟಣೆ ಇತ್ತು. 2017ರ ಏಪ್ರಿಲ್ 26ರಂದು ಜನ ಅದರ ಮೇಲೆ ತುಂಬಿ ನಿಂತಿದ್ದರು. ಅಟ್ಟಣೆ ಕುಸಿಯಿತು. ಹಲವರು ನೀರುಪಾಲಾದರು.

ಅಕ್ಕಂದಿರೇ, ಓದು ಬಂದವರಿಗೆ ಇಲ್ಲಿ ಒಂದು ಕೆಲಸ ಇದೆ. ದೋಣಿ ಹತ್ತುವ ಮೊದಲು ಬೋರ್ಡು ಓದಿ. ಎಷ್ಟು ಜನ ಕೂರಬಹುದು ಎಂದು ಬರೆದಿರುತ್ತಾರೆ. ಬರೆದಿಲ್ಲವಾದರೆ ಕೇಳಿ. ಜೀವರಕ್ಷಕ ಅಂಗಿ ಕೊಡಿ ಎಂದು ಕೇಳಿ. ‘ಪರವಾಗಿಲ್ಲ, ಹತ್ತಮ್ಮಾ’ ಎಂದರೆ ಹತ್ತಬೇಡಿ. ಮುಂದಿನ ದೋಣಿ ಬರುತ್ತದೆ. ಹೋದ ಜೀವ ಬರುವುದಿಲ್ಲ.

ಉಗುಳು ಉಕ್ಕನ್ನೂ ತಿನ್ನುತ್ತದೆ

ಈ ಸೇತುವೆಯ ಮೇಲೆ ದಿನವೂ ಲಕ್ಷಕ್ಕೂ ಹೆಚ್ಚು ಜನ ನಡೆಯುತ್ತಾರೆ. ಕೊಲ್ಕತ್ತದ ತುದಿಯಲ್ಲಿ ಮಲ್ಲಿಕ್ ಘಾಟ್ ಎಂಬ ದೊಡ್ಡ ಹೂವಿನ ಸಂತೆ ಇದೆ. ಹೂವಿನ ಹೊರೆ ಹೊತ್ತವರು ಸೇತುವೆ ಮೇಲೆ ಸಾಲಾಗಿ ಹೋಗುತ್ತಾರೆ. ಎಲೆ ಅಡಿಕೆ, ಗುಟ್ಕಾ ಅಗಿಯುವವರೂ ಹೋಗುತ್ತಾರೆ. ತೂಗು ಕಂಬದ ಬುಡಕ್ಕೇ ಪಿಚಕ್ ಎಂದು ಉಗುಳುತ್ತಾರೆ.

ಒಬ್ಬರು ಉಗುಳಿದರೆ ಏನಾಗುತ್ತದೆ ಎನ್ನಬೇಡಿ. ಕಂಬದ ಬುಡಕ್ಕೆ ಉಕ್ಕಿನ ಮುಚ್ಚಳ ಇತ್ತು. ಅದರ ದಪ್ಪ 6 ಮಿಲಿಮೀಟರ್. 2007ರ ನಂತರದ ಮೂರು ನಾಲ್ಕು ವರ್ಷದಲ್ಲಿ ಅದು ಸವೆದು 3 ಮಿಲಿಮೀಟರಿಗಿಂತ ಕಡಿಮೆ ಆಯಿತು. ಉಗುಳಿನಲ್ಲಿರುವ ಸುಣ್ಣ, ಅಡಿಕೆಯ ರಸ ಉಕ್ಕಿಗೆ ತುಕ್ಕು ಹಿಡಿಸಿತ್ತು. ಆಮೇಲೆ ತೊಳೆಯಲು ಬರುವ ಫೈಬರ್ ಕವಚ ಹಾಕಬೇಕಾಯಿತು. ಆ ಹಣ ಯಾರದು? ಜನರದೇ. ಬಾಂಬಿಗೆ ಹೆದರದೆ ಕಟ್ಟಿದ ಸೇತುವೆ ಉಗುಳಿಗೆ ಸೋಲಬಾರದು.

ನಮ್ಮೂರ ಸೇತುವೆ ಸಣ್ಣದಿರಬಹುದು. ಅದರ ಮೇಲೂ ನಮ್ಮ ಮಕ್ಕಳು ಶಾಲೆಗೆ ಹೋಗುತ್ತಾರೆ. ಕಟಾಂಜನ ಮುರಿದಿದ್ದರೆ, ಗುಂಡಿ ಬಿದ್ದಿದ್ದರೆ ಪಂಚಾಯ್ತಿಗೆ ಅರ್ಜಿ ಬರೆಯೋಣ. ಈಗ ನಮಗೆ ಬರೆಯಲು ಬರುತ್ತದೆ.

ಹೊಸ ಮಾತುಗಳು
ಕವಲು: ನದಿಯ ಕೊಂಬೆ
ಉಬ್ಬರ: ಸಮುದ್ರದ ನೀರು ಏರುವುದು
ಹೂಳು: ನೀರಿನ ತಳದಲ್ಲಿ ಕೂರುವ ಮಣ್ಣು
ಅಟ್ಟಣೆ: ನಿಲ್ಲಲು ಕಟ್ಟಿದ ಎತ್ತರದ ಹಾಸು

ಉತ್ತರ ಹೇಳಿ
1. ಹೊಳೆಯ ನಡುವೆ ಕಂಬ ಯಾಕೆ ಹಾಕಲಿಲ್ಲ?
2. 2005ರಲ್ಲಿ ಹಡಗು ಯಾಕೆ ಸಿಕ್ಕಿಕೊಂಡಿತು?

ಲೆಕ್ಕ ಮಾಡಿ
1. ಸೇತುವೆಗೆ 26,500 ಟನ್ ಉಕ್ಕು ಬೇಕಾಯಿತು. 23,000 ಟನ್ ಟಾಟಾ ಕಾರ್ಖಾನೆಯದು. ಉಳಿದದ್ದು ಎಷ್ಟು?
2. ದೋಣಿಯಲ್ಲಿ 40 ಜನ ಕೂರಬಹುದು. 36 ಜನ ಕೂತಿದ್ದಾರೆ. ನೀವು 7 ಜನ ಬಂದಿರಿ. ಎಷ್ಟು ಜನ ಮುಂದಿನ ದೋಣಿಗೆ ಕಾಯಬೇಕು?

ಕೂಡಿ ಮಾತಾಡಿ, ಬರೆಯಿರಿ
ನಮ್ಮೂರ ಸೇತುವೆ ಅಥವಾ ರಸ್ತೆಗೆ ಏನು ರಿಪೇರಿ ಬೇಕು? ಐದು ಸಾಲಿನ ಅರ್ಜಿ ಬರೆಯಿರಿ. ಕೆಳಗೆ ಎಲ್ಲರೂ ಸಹಿ ಹಾಕಿ.