ವಾಸ್ತುಶಿಲ್ಪಿಯೂ ಗಣಕಯಂತ್ರವೂ

ಬೆಂಗಳೂರಿನ ಪಶ್ಚಿಮ ಭಾಗದ ರಾಜಾಜಿನಗರ, ವಿಜಯನಗರ, ಬಸವೇಶ್ವರನಗರಗಳ ಬೀದಿಗಳಲ್ಲಿ ನಡೆದರೆ, 30 ಅಡಿ ಅಗಲ, 40 ಅಡಿ ಉದ್ದದ ನಿವೇಶನಗಳಲ್ಲಿ ಎದ್ದ ಮನೆಗಳ ಸಾಲುಗಳನ್ನು ಕಾಣುತ್ತೇವೆ. ನಿವೇಶನದ ಅಳತೆ ಒಂದೇ; ಆದರೂ ಒಂದು ಮನೆಯ ನಡುಕೋಣೆಯಲ್ಲಿ ಹಗಲಿನಲ್ಲಿಯೂ ದೀಪ ಉರಿಯಬೇಕು, ಪಕ್ಕದ ಮನೆಗೆ ಬೆಳಕು ತಾನಾಗಿಯೇ ಬರುತ್ತದೆ. ಇಂದು ಇಂತಹ ನಕ್ಷೆಗಳನ್ನು ಸಾಮಾನ್ಯವಾಗಿ ಗಣಕಯಂತ್ರದಲ್ಲಿಯೇ ಬರೆಯುತ್ತಾರೆ. ಹಾಗಿದ್ದರೆ ಈ ವ್ಯತ್ಯಾಸವೇಕೆ? ನಕ್ಷೆ ಬರೆಯುವ ತಂತ್ರಾಂಶವನ್ನು ಕಲಿತವನು ವಾಸ್ತುಶಿಲ್ಪಿಯಾಗಬಲ್ಲನೆ? ಈ ಪ್ರಶ್ನೆಯನ್ನು ವಿಚಾರಿಸೋಣ.

ಹಿಂದೆ ನಕ್ಷೆಯನ್ನು ಹಲಗೆಯ ಮೇಲೆ, ಟಿ-ಪಟ್ಟಿ ಮತ್ತು ಮಸಿಯ ಲೇಖನಿಗಳಿಂದ ಬರೆಯುತ್ತಿದ್ದರು. ಒಂದು ಕಿಟಕಿಯನ್ನು ಸರಿಸಬೇಕಾದರೆ ಗೆರೆಗಳನ್ನು ಕೆರೆದು ತೆಗೆದು ಮತ್ತೆ ಬರೆಯಬೇಕಿತ್ತು. 1963ರಲ್ಲಿ ಅಮೆರಿಕದ ಐವಾನ್ ಸದರ್ಲೆಂಡ್ ಎಂಬುವರು 'ಸ್ಕೆಚ್‌ಪ್ಯಾಡ್' ಎಂಬ ಕ್ರಮವಿಧಿಯನ್ನು ರಚಿಸಿದರು. ಬೆಳಕಿನ ಲೇಖನಿಯಿಂದ ಪರದೆಯ ಮೇಲೆ ಅಂದಾಜಿನ ಗೆರೆಗಳನ್ನೆಳೆದು, ಅವು ಸಮಾಂತರವಾಗಿರಲಿ ಎಂದು ಆಜ್ಞಾಪಿಸಿದರೆ ಯಂತ್ರವೇ ಅವನ್ನು ತಿದ್ದುತ್ತಿತ್ತು. 1982ರಲ್ಲಿ 'ಆಟೋಕ್ಯಾಡ್' ಬಂದಮೇಲೆ ಇಂತಹ ಅನುಕೂಲ ಸಣ್ಣ ಕಚೇರಿಗಳಿಗೂ ಕ್ರಮೇಣ ಎಟುಕಿತು.

ಯಂತ್ರದ ಪಾಲಿಗೆ ಗೆರೆಯೆಂದರೆ ಎರಡು ಬಿಂದುಗಳ ನಿರ್ದೇಶಾಂಕಗಳು ಮಾತ್ರ. ಈಚಿನ ತಂತ್ರಾಂಶಗಳು ಇನ್ನೂ ಮುಂದೆ ಹೋಗಿವೆ. ಅವುಗಳಲ್ಲಿ ಗೋಡೆಯು ಎರಡು ಗೆರೆಗಳಲ್ಲ. ದಪ್ಪ, ಎತ್ತರ, ಸಾಮಗ್ರಿಗಳುಳ್ಳ ವಸ್ತು. ತಳನಕ್ಷೆಯಲ್ಲಿ ಕಿಟಕಿಯನ್ನು ಸರಿಸಿದರೆ ಮುಂಭಾಗದ ಚಿತ್ರವೂ ಒಳಗಿನ ಸೀಳುನೋಟವೂ ಒಡನೆಯೇ ಬದಲಾಗುತ್ತವೆ.

ಬಿಸಿಲಿನ ಉದಾಹರಣೆಯನ್ನು ನೋಡೋಣ. ಬೆಂಗಳೂರು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಡಿಸೆಂಬರ್ 22ರ ನಡುಹಗಲಿನಲ್ಲಿ ಸೂರ್ಯನು ದಿಗಂತದಿಂದ 90 – 13 – 23½, ಅಂದರೆ 53½ ಡಿಗ್ರಿ ಎತ್ತರದಲ್ಲಿ ದಕ್ಷಿಣಕ್ಕಿರುತ್ತಾನೆ. ದಕ್ಷಿಣದ ಗೋಡೆಯಲ್ಲಿ 4 ಅಡಿ ಎತ್ತರದ ಕಿಟಕಿಯೂ ಅದರ ನೆತ್ತಿಯಲ್ಲಿ 2 ಅಡಿ ಚಾಚಿದ ಸಜ್ಜಾವೂ ಇವೆಯೆನ್ನಿ. 53½ ಡಿಗ್ರಿಯ ಟ್ಯಾಂಜೆಂಟ್ 1.35, ಆದ್ದರಿಂದ ನೆರಳು 2.7 ಅಡಿ ಇಳಿಯುತ್ತದೆ, ಕೆಳಗಿನ 1.3 ಅಡಿಯಲ್ಲಿ ಎಳೆಬಿಸಿಲಲ್ಲದಿದ್ದರೂ ಹಿತವಾದ ಬಿಸಿಲು ಒಳಬರುತ್ತದೆ. ಅದೇ ಸಜ್ಜಾವನ್ನು ಪಶ್ಚಿಮದ ಕಿಟಕಿಗೆ ಹಾಕಿದರೆ? ಮಾರ್ಚ್ ತಿಂಗಳ ಇಳಿಹೊತ್ತಿನಲ್ಲಿ ಸೂರ್ಯನು 20 ಡಿಗ್ರಿಗೆ ಇಳಿದು ಎದುರಿಗೇ ನಿಂತಾಗ ನೆರಳು ಮುಕ್ಕಾಲು ಅಡಿಯೂ ಇರದು, ಕೋಣೆ ಕಾಯುತ್ತದೆ.

ಈ ಲೆಕ್ಕವನ್ನು ವರ್ಷದ ಎಲ್ಲ ದಿನಗಳಿಗೂ ಯಂತ್ರವು ಕ್ಷಣದಲ್ಲಿ ಮಾಡಿಕೊಡುತ್ತದೆ. ಆದರೆ ಆ ಪಶ್ಚಿಮದ ಕೋಣೆಯಲ್ಲಿ ಮಧ್ಯಾಹ್ನ ಮಲಗುವವರು ವಯಸ್ಸಾದ ಅಜ್ಜಿಯೆಂಬುದನ್ನು ಅದು ತಾನಾಗಿ ತಿಳಿಯದು. ಪಕ್ಕದ ಖಾಲಿ ನಿವೇಶನದಲ್ಲಿ ನಾಳೆ ಮೂರು ಅಂತಸ್ತು ಎದ್ದರೆ ಬೆಳಕು ಎಲ್ಲಿಂದ ಬಂದೀತೆಂದು ಕೇಳಬೇಕಾದವನೂ ಮನುಷ್ಯನೇ. ಉತ್ತರ ಯಂತ್ರದ್ದು, ಪ್ರಶ್ನೆ ವಾಸ್ತುಶಿಲ್ಪಿಯದು.

ಇನ್ನು ಹೆಸರಿನ ಮಾತು. ನಮ್ಮ ದೇಶದಲ್ಲಿ 1972ರ ವಾಸ್ತುಶಿಲ್ಪಿಗಳ ಅಧಿನಿಯಮದಂತೆ, ವಾಸ್ತುಶಿಲ್ಪ ಪರಿಷತ್ತಿನಲ್ಲಿ ನೋಂದಾಯಿತರಾದವರು 'ಆರ್ಕಿಟೆಕ್ಟ್' ಎಂಬ ಬಿರುದನ್ನು ಬಳಸಬಹುದು. ನೋಂದಣಿಗೆ ಬೇಕಾದ ಪದವಿಯ ವ್ಯಾಸಂಗ ಐದು ವರ್ಷಗಳದು. 2020ರಲ್ಲಿ ಸರ್ವೋಚ್ಚ ನ್ಯಾಯಾಲಯವು, ಈ ಅಧಿನಿಯಮವು ರಕ್ಷಿಸುವುದು ಬಿರುದನ್ನೇ ಹೊರತು, ಕಟ್ಟಡವನ್ನು ರೂಪಿಸುವ ಕೆಲಸವನ್ನು ಇತರರಿಗೆ ನಿಷೇಧಿಸುವುದಿಲ್ಲವೆಂದು ತೀರ್ಪಿತ್ತಿತು. ಗೆರೆಯೆಳೆಯುವ ಕೌಶಲವನ್ನು ಯಂತ್ರವು ಎಲ್ಲರಿಗೂ ಹಂಚಿದೆ. ಕೆಲಸದ ಮೇಲೆ ಏಕಸ್ವಾಮ್ಯವನ್ನು ಕಾನೂನು ಕೊಟ್ಟಿಲ್ಲ. ಹೀಗಿರುವಲ್ಲಿ ವಾಸ್ತುಶಿಲ್ಪಿಗೆ ಉಳಿಯುವ ನಿಜವಾದ ಗುರುತು ವಿವೇಚನೆ, ಹೊಣೆಗಾರಿಕೆಗಳೇ ಅಲ್ಲವೆ?

ಈ ವೃತ್ತಿಯನ್ನು ಬಯಸುವ ವಿದ್ಯಾರ್ಥಿಗಳು ತಂತ್ರಾಂಶವನ್ನು ಅವಶ್ಯವಾಗಿ ಕಲಿಯಲಿ. ಆದರೆ ಅದಕ್ಕೂ ಮೊದಲು ಒಂದು ಅಳತೆಪಟ್ಟಿಯನ್ನು ಹಿಡಿಯಲಿ. ಡಿಸೆಂಬರ್ 22ರಂದು ಬೆಂಗಳೂರಿನಲ್ಲಿ ಸೂರ್ಯನು ಅತ್ಯಂತ ಎತ್ತರಕ್ಕೆ ಬರುವುದು ಗಡಿಯಾರದ ಸುಮಾರು 12 ಗಂಟೆ 20 ನಿಮಿಷಕ್ಕೆ. ಆಗ ನಿಮ್ಮ ಮನೆಯ ದಕ್ಷಿಣದ ಕಿಟಕಿಯ ನೆರಳನ್ನು ಅಳೆದು, ಮೇಲಿನ ಲೆಕ್ಕದೊಡನೆ ಹೋಲಿಸಿ ನೋಡಿ. ಬಳಿಕ, ಆ ಕೋಣೆಯಲ್ಲಿರುವವರಿಗೆ ಆ ಬಿಸಿಲು ಬೇಕೋ ಬೇಡವೋ ಎಂದು ಕೇಳಿ. ವಾಸ್ತುಶಿಲ್ಪದ ಮೊದಲ ಪಾಠ ಅಲ್ಲಿಯೇ ಆರಂಭವಾಗುತ್ತದೆ.